ಆರು ವಾರ ಕಲಿತದ್ದು ಎಷ್ಟು ದಿನ ಉಳಿದೀತು?

ಎಲ್ಲರಿಗೂ ಶರಣು. ಮೊಬೈಲಿನಲ್ಲಿ ಒತ್ತಿ ಒತ್ತಿ ಬರೆಯಲು ನನ್ನ ಕಣ್ಣು ಒಪ್ಪುವುದಿಲ್ಲವಾದ್ದರಿಂದ ಬಾಯಿಮಾತಿನಲ್ಲಿಯೇ ಹೇಳುತ್ತಿದ್ದೇನೆ, ಸ್ವಲ್ಪ ಉದ್ದವಾದೀತು.

ಅವ್ವಾ, ಬೇರೆ ಬೇರೆ ದೇಶಗಳ ಪ್ರೌಢಶಾಲಾ ಶಿಕ್ಷಕರಿಗಾಗಿ ಅಮೆರಿಕ ಸರ್ಕಾರ ತನ್ನ ದೇಶದಲ್ಲಿ ನಡೆಸುವ ಆರು ವಾರಗಳ ಫುಲ್‌ಬ್ರೈಟ್ ತರಬೇತಿಗೆ ಅರ್ಜಿ ಹಾಕಲೋ ಬೇಡವೋ ಎಂದು ನೀನು ಕೇಳಿದ್ದಕ್ಕೆ, ‘ಆರು ವಾರ ದೇಶ ನೋಡಿ ಬರುತ್ತೀ, ಆರು ತಿಂಗಳಿಗೆ ಎಲ್ಲ ಮರೆಯುತ್ತೀ’ ಎಂದು ನಿನ್ನ ಸೋದರಮಾವ ಬರೆದಿದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕಲಾರೆ, ಏಕೆಂದರೆ ನನಗೆ ಹಾಗೆಯೇ ಆಗಿತ್ತು.

ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ 30 ದಿನಗಳ ತರಬೇತಿ ಮುಗಿಸಿ ಹುರುಪಿನಿಂದ ಮರಳಿದವನು, ಮಕ್ಕಳನ್ನು ಜೋಡಿ ಜೋಡಿಯಾಗಿ ಕೂಡಿಸಿ ಇಂಗ್ಲಿಷಿನಲ್ಲಿ ಮಾತನಾಡಿಸತೊಡಗಿದೆ. ಮೂರನೆಯ ದಿನವೇ ಮುಖ್ಯ ಗುರುಗಳು ಕರೆದು, ‘ನಿಮ್ಮ ಕ್ಲಾಸಿನಲ್ಲಿ ಗದ್ದಲ ಬಹಳ’ ಎಂದರು. ದೀಪಾವಳಿಯ ಹೊತ್ತಿಗೆ ನಾನು ಪಾಠ ಓದಿಸಿ ಪ್ರಶ್ನೋತ್ತರ ಬರೆಸುವ ಹಳೆಯ ದಾರಿಗೇ ಬಂದಿದ್ದೆ. ಕಲಿಸಿದವರು ಚೆನ್ನಾಗಿಯೇ ಕಲಿಸಿದ್ದರು. ಊರಿಗೆ ಬಂದ ಮೇಲೆ ಹೇಗೆ ನಡೆದಿದೆ ಎಂದು ವಿಚಾರಿಸುವವರು ಒಬ್ಬರೂ ಇರಲಿಲ್ಲ.

ಥಾಮಸ್ ಗಸ್ಕಿ ಎಂಬ ಅಮೆರಿಕದ ಶಿಕ್ಷಣ ತಜ್ಞರು 1986ರಲ್ಲಿಯೇ ಬರೆದ ಲೇಖನವೊಂದು ನಿವೃತ್ತಿಯ ನಂತರ ನನ್ನ ಕೈಗೆ ಸಿಕ್ಕಿತು. ತರಬೇತಿ ಕೊಟ್ಟರೆ ಶಿಕ್ಷಕರ ನಂಬಿಕೆ ಬದಲಾಗುತ್ತದೆ, ಆಮೇಲೆ ಪಾಠ ತಾನಾಗಿಯೇ ಬದಲಾಗುತ್ತದೆ ಎಂದು ಎಲ್ಲರೂ ತಿಳಿಯುತ್ತಾರಲ್ಲ, ಅವರು ಅದನ್ನು ತಿರುವುಮುರುವು ಮಾಡಿದ್ದಾರೆ: ಹೊಸ ಕ್ರಮದಿಂದ ತನ್ನ ಮಕ್ಕಳು ಕಲಿತದ್ದನ್ನು ಕಣ್ಣಾರೆ ಕಂಡ ಮೇಲೆಯೇ ಶಿಕ್ಷಕನ ನಂಬಿಕೆ ಬದಲಾಗುತ್ತದಂತೆ. ಅಷ್ಟು ದಿನ ನಾನು ತಾಳಲೇ ಇಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆಗಳ ವೃತ್ತಿಪರ ಕಲಿಕೆ ಬೇಕೆನ್ನುತ್ತದೆ. ಗಂಟೆ ಎಣಿಸುವುದು ಸುಲಭ ಬಿಡು, ತರಗತಿಯಲ್ಲಿ ಏನು ಬದಲಾಯಿತೆಂದು ನೋಡುವುದೇ ಕಷ್ಟ.

ಅರ್ಜಿ ಹಾಕು. ಅಲ್ಲಿ ವಿಶ್ವವಿದ್ಯಾಲಯದ ಪಾಠದ ಜೊತೆಗೆ ಅಲ್ಲಿಯ ಶಾಲೆಯ ತರಗತಿಯಲ್ಲಿಯೂ ಇರುವ ಅವಕಾಶವಿದೆ. ಆದರೆ ಕಂಡದ್ದನ್ನೆಲ್ಲ ಚಿತ್ತಾಪುರದ ನಿನ್ನ ಶಾಲೆಗೆ ಹೊತ್ತು ತರಬೇಡ. ಅರವತ್ತು ಮಕ್ಕಳು ಕೂತ ಕೋಣೆಯಲ್ಲಿ, ಕರೆಂಟು ಹೋದಾಗಲೂ ನಡೆಯುವಂಥ ಒಂದೇ ಒಂದು ಕ್ರಮವನ್ನು ಆರಿಸಿಕೊಂಡು ಬಾ. ಎಸ್ಸೆಸ್ಸೆಲ್ಸಿ ಫಲಿತಾಂಶದ ಭಯವಿರುವ ಹತ್ತನೆಯದನ್ನು ಮುಟ್ಟದೆ ಎಂಟನೆಯ ತರಗತಿಯಲ್ಲಿ ವರ್ಷಪೂರ್ತಿ ಅದನ್ನೇ ನಡೆಸು. ನಿಮ್ಮ ಗಣಿತದ ಟೀಚರಿಗೆ ವಾರಕ್ಕೊಂದು ಪಿರಿಯಡ್ ಹಿಂದಿನ ಬೆಂಚಿನಲ್ಲಿ ಕೂತು ನೋಡಲು ಕೇಳಿಕೋ, ನೀನೂ ಅವರ ಪಾಠಕ್ಕೆ ಹೋಗಿ ಕೂಡು. ಗದ್ದಲದ ಮಾತನ್ನು ಮುಖ್ಯ ಗುರುಗಳ ಹತ್ತಿರ ಹೊರಡುವ ಮುನ್ನವೇ ಆಡಿಬಿಡು, ನಾನು ಆಡಿರಲಿಲ್ಲ.

ಅರ್ಜಿಯಲ್ಲಿ ಪ್ರಬಂಧ ಬರೆಯಬೇಕಾಗುತ್ತದೆ. ಭಾನುವಾರ ಮನೆಗೆ ಬಾ, ಇಬ್ಬರೂ ಕೂತು ನೋಡೋಣ. ನಿನ್ನ ಸೋದರಮಾವನನ್ನೂ ಕರೆದುಕೊಂಡು ಬಾ.