ಸಹಾಯ ಬೇಕು: ಐಸಿಯು ದಾದಿಯರಿಗೆ ಪ್ಯಾಲಿಯೇಟಿವ್ ಕೇರ್ (ನೋವು, ಸಂಕಟ ತಗ್ಗಿಸುವ ಆರೈಕೆ) ತರಬೇತಿ ಎಲ್ಲಿಂದ ಆರಂಭಿಸುವುದು?

ಎಲ್ಲರಿಗೂ ನಮಸ್ಕಾರ. ಮೈಸೂರಿನ ಖಾಸಗಿ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ನಾನು ಹಿರಿಯ ಶುಶ್ರೂಷಕಿಯಾಗಿದ್ದೇನೆ. ವೆಂಟಿಲೇಟರು, ಇನ್ಫ್ಯೂಷನ್ ಪಂಪುಗಳನ್ನು ಲೀಲಾಜಾಲವಾಗಿ ನಿಭಾಯಿಸುವ ನಮ್ಮ ದಾದಿಯರು, ಗುಣವಾಗುವ ಭರವಸೆಯಿಲ್ಲದ ರೋಗಿಯ ಉಸಿರಾಟದ ಸಂಕಟ ತಗ್ಗಿಸಲು ವೈದ್ಯರು ಮಾರ್ಫಿನ್ ಎಂಬ ಪ್ರಬಲ ನೋವು ನಿವಾರಕವನ್ನು ಬರೆದಾಗ ಮಾತ್ರ ಹಿಂಜರಿಯುತ್ತಾರೆ. ‘ಇದರಿಂದಲೇ ಪ್ರಾಣ ಹೋಗಿಬಿಟ್ಟರೆ?’ ಎಂಬ ಭಯ ಅವರದು.

ಲಕ್ಷಣಗಳನ್ನು ನೋಡಿಕೊಂಡು ಅಲ್ಪ ಪ್ರಮಾಣದಿಂದ ಹಂತಹಂತವಾಗಿ ಏರಿಸಿದರೆ ಅದು ಸುರಕ್ಷಿತವೆಂದು ಉಪನ್ಯಾಸ ಏರ್ಪಡಿಸಿ ವಿವರಿಸಿಯಾಯಿತು. ಕೆನಡಾದಲ್ಲಿ ರೂಪುಗೊಂಡ 20 ಪ್ರಶ್ನೆಗಳ, ಈ ಆರೈಕೆಯ ಬಗ್ಗೆ ದಾದಿಯರ ತಿಳಿವಳಿಕೆ ಅಳೆಯುವ ಪಿ.ಸಿ.ಕ್ಯೂ.ಎನ್. ಪ್ರಶ್ನಾವಳಿಯನ್ನೂ ಕೊಟ್ಟು ನೋಡಿದೆವು. ಕಾಗದದ ಮೇಲೆ ಸರಿಯುತ್ತರ ಗುರುತಿಸಿದವರೇ ರಾತ್ರಿ ಪಾಳಿಯಲ್ಲಿ, ಹುಬ್ಬು ಗಂಟಿಕ್ಕಿ ಏದುಸಿರು ಬಿಡುತ್ತಿರುವ ರೋಗಿಯ ಮುಂದೆ ಸಿರಿಂಜು ಹಿಡಿದು ನಿಂತು, ವೈದ್ಯರಿಗೆ ಮತ್ತೊಮ್ಮೆ ಫೋನ್ ಮಾಡುತ್ತಾರೆ. ಕೇಳುವುದು ತಪ್ಪಲ್ಲ, ಆದರೆ ಅಷ್ಟು ಹೊತ್ತೂ ನರಳುವವರು ರೋಗಿಯೇ.

ಬೆಂಗಳೂರಿನ ಕರುಣಾಶ್ರಯದಂತಹ ಹಾಸ್ಪೈಸಿಗೆ (ಗುಣವಾಗದ ಕಾಯಿಲೆಯವರ ಕೊನೆಯ ದಿನಗಳ ಆರೈಕೆ ಕೇಂದ್ರಕ್ಕೆ) ಕೆಲವರನ್ನು ಕಲಿಯಲು ಕಳುಹಿಸುವ ಯೋಚನೆಯಿದೆ. ಆದರೆ ಅಲ್ಲಿನ ನೆಮ್ಮದಿಯ ವಾತಾವರಣಕ್ಕೂ, ಗಂಟಲಿಗೆ ಕೊಳವೆ ಹಾಕಿರುವುದರಿಂದ ನೋವನ್ನು ಬಾಯಿಬಿಟ್ಟು ಹೇಳಲಾಗದ ರೋಗಿಗಳಿರುವ ನಮ್ಮ ಘಟಕಕ್ಕೂ ಅಜಗಜಾಂತರ. ನನಗೆ ತೋಚದಿರುವುದು ಇದೇ.

ಐಸಿಯು ದಾದಿಯರಿಗೆ ತರಬೇತಿ ನೀಡಿದ ಅನುಭವವುಳ್ಳವರು ದಯವಿಟ್ಟು ತಿಳಿಸಿ: ಮೊದಲು ಹಾಸ್ಪೈಸಿಗೆ ಕಳುಹಿಸುವುದು ಸರಿಯೇ, ಅಥವಾ ನಮ್ಮ ಘಟಕದಲ್ಲೇ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಕಲಿಸುವ ವ್ಯವಸ್ಥೆಯಿಂದ ಆರಂಭಿಸಬೇಕೇ?