ಸಹಾಯ ಬೇಕು: ಪಿ52 ಪ್ಯಾಪಿರಸ್ ತುಣುಕಿನ ಗ್ರೀಕ್ ಓದಬಲ್ಲವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಹಳೆಯ ಗ್ರೀಕ್ ಕೈಬರಹ ಬಲ್ಲವರು ಗುಂಪಿನಲ್ಲಿದ್ದರೆ ದಯವಿಟ್ಟು ನೆರವಾಗಿ.

ಮ್ಯಾಂಚೆಸ್ಟರಿನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿರುವ ಪಿ52 ಎಂಬ ಪ್ಯಾಪಿರಸ್ (ಜೊಂಡಿನಿಂದ ಮಾಡುತ್ತಿದ್ದ ಹಳೆಯ ಕಾಗದ) ತುಣುಕಿನ ಬಗ್ಗೆ ಕನ್ನಡದಲ್ಲಿ ಲೇಖನ ಬರೆಯುತ್ತಿದ್ದೇನೆ. ಸುಮಾರು 9 ಸೆಂಟಿಮೀಟರ್ ಎತ್ತರ, 6 ಸೆಂಟಿಮೀಟರ್ ಅಗಲದ ತುಣುಕು. ಎರಡೂ ಬದಿ ಬೈಬಲಿನ ಯೋಹಾನನ ಸುವಾರ್ತೆಯ 18ನೇ ಅಧ್ಯಾಯದ ಸಾಲುಗಳು, ರೋಮನ್ ಅಧಿಪತಿ ಪಿಲಾತನ ಮುಂದೆ ನಡೆದ ಯೇಸುವಿನ ವಿಚಾರಣೆ. 1935ರಲ್ಲಿ ಇದನ್ನು ಪ್ರಕಟಿಸಿದ ವಿದ್ವಾಂಸ ಕಾಲಿನ್ ರಾಬರ್ಟ್ಸ್ ಅಕ್ಷರಗಳ ರೂಪ ನೋಡಿ 2ನೇ ಶತಮಾನದ ಮೊದಲರ್ಧ ಎಂದರು. 2005ರಲ್ಲಿ ಇನ್ನೊಬ್ಬ ವಿದ್ವಾಂಸ ಬ್ರೆಂಟ್ ನೊಂಗ್‌ಬ್ರಿ, ಬರೀ ಕೈಬರಹ ನಂಬಿ ಅಷ್ಟು ಬಿಗಿಯಾಗಿ ಕಾಲ ಹೇಳಲಾಗದು, 3ನೇ ಶತಮಾನದ ಆರಂಭವೂ ಇರಬಹುದು ಎಂದು ವಾದಿಸಿದರು. ನನಗೆ ಈ ಎಚ್ಚರಿಕೆಯೇ ಸರಿ ಎನಿಸುತ್ತದೆ. ತೇದಿಯಿಲ್ಲದ ನಮ್ಮ ಶಾಸನಗಳಲ್ಲೂ ಇದೇ ತೊಡಕಲ್ಲವೇ?

ನಾನು ಸಿಕ್ಕಿಕೊಂಡಿರುವುದು ಬೇರೆ ಕಡೆ. ಯೇಸುವಿನ ಹೆಸರು ಬರಬೇಕಿದ್ದ ಜಾಗವೇ ಹರಿದುಹೋಗಿದೆ. ಆರಂಭಕಾಲದ ಕ್ರೈಸ್ತ ಲಿಪಿಕಾರರು ಪವಿತ್ರ ಹೆಸರುಗಳನ್ನು ಮೊಟಕು ಮಾಡಿ ಮೇಲೊಂದು ಗೆರೆ ಎಳೆಯುತ್ತಿದ್ದರು. ಇಲ್ಲಿ ಹಾಗೆ ಮಾಡಿದ್ದರೋ, ಪೂರ್ತಿ ಬರೆದಿದ್ದರೋ? ಒಂದು ಸಾಲಿಗೆ ಎಷ್ಟು ಅಕ್ಷರ ಹಿಡಿಸುತ್ತಿತ್ತು ಎಂಬ ಲೆಕ್ಕದಿಂದಲೇ ಊಹಿಸಬೇಕು. ವಿದ್ವಾಂಸರಲ್ಲೇ ಒಮ್ಮತವಿಲ್ಲ.

ಆ ಎಣಿಕೆಯನ್ನು ನನ್ನ ಜೊತೆ ಕೂತು ಪರಿಶೀಲಿಸುವವರು ಬೇಕು. ಗ್ರಂಥಾಲಯ ಹಾಕಿರುವ ಚಿತ್ರಗಳನ್ನು ಇಟ್ಟುಕೊಂಡು ಆನ್‌ಲೈನಿನಲ್ಲೇ ಮಾಡಬಹುದು. ಹಾಗೆಯೇ, ಬೆಂಗಳೂರು ಅಥವಾ ಮಂಗಳೂರಿನ ಯಾವುದಾದರೂ ದೈವಶಾಸ್ತ್ರ ಕಾಲೇಜಿನಲ್ಲಿ ರಾಬರ್ಟ್ಸ್ ಅವರ 1935ರ ಪ್ರಕಟಣೆ ಇದ್ದರೆ, ಹೊರಗಿನವರಿಗೆ ಓದಲು ಬಿಡುತ್ತಾರೆಯೇ ತಿಳಿಸಿ. ನೆರವಾದವರ ಹೆಸರನ್ನು, ಒಪ್ಪಿಗೆ ಪಡೆದು, ಲೇಖನದಲ್ಲಿ ಖಂಡಿತ ಸ್ಮರಿಸುತ್ತೇನೆ.