ಪದಚರ್ಚೆ: ಬಯೋಫಿಲ್ಮ್‌ಗೆ ಕನ್ನಡದಲ್ಲಿ ಏನನ್ನೋಣ? (ಬೋರ್ಡಿಗೆ ಬೇಕು, ಅರ್ಜೆಂಟ್)

ಮಂಜೇಶ್ವರದಿಂದ:
ಕಡಲ ಸೂಕ್ಷ್ಮಜೀವಿಗಳ ಬಗ್ಗೆ ಎರಡು ಸಂಸ್ಥೆಗಳು ಜೊತೆಯಾಗಿ ಮಾಡುತ್ತಿರುವ ಸಂಶೋಧನೆಯ ಪ್ರದರ್ಶನ ಕಾಸರಗೋಡಿನಲ್ಲಿದೆ. ಮಲಯಾಳ, ಇಂಗ್ಲಿಷ್ ಬೋರ್ಡು ಪ್ರಿಂಟಿಗೆ ಹೋಗಿ ಆಯಿತು. ಕನ್ನಡದ್ದು ನಾಳೆ ಬೆಳಿಗ್ಗೆ ಕೊಡಬೇಕು. ವಾಕ್ಯ ಇಷ್ಟು: ‘ಕಡಲಿಗಿಳಿಸಿದ ಹಗ್ಗವಿರಲಿ, ಹಡಗಿನ ತಳವಿರಲಿ, ಮೊದಲು ಬಂದು ಕೂರುವುದು ಬ್ಯಾಕ್ಟೀರಿಯಾ. ಅವು ಅಂಟು ಸುರಿಸಿ ಅದರೊಳಗೇ ಗುಂಪಾಗಿ ಬದುಕುತ್ತವೆ.’ ಈ ಅಂಟುಗುಂಪಿಗೇ ಹೆಸರು ಬೇಕು. ಜೈವಿಕ ಪದರ ಅಂತ ಹಾಕಲಾ?

ನೀರ್ಚಾಲಿನಿಂದ:
ಬೇಡ. ಜೈವಿಕ ಪದರ ಅಂದರೆ ಚರ್ಮವೂ ಆಗುತ್ತದೆ, ಮರದ ತೊಗಟೆಯೂ ಆಗುತ್ತದೆ. ಜೀವಪೊರೆ ಅಂತ ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ, ಅದು ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದ್ದು. ಪಾಚಿ ಅಂತ ಬರೆಯಿರಿ. ಪಚ್ಚೆ, ಪಸುರು, ಪಾಚಿ ಎಲ್ಲ ಒಂದೇ ಬೇರಿನವು, ಅಚ್ಚಗನ್ನಡ.

ಕುಂಬಳೆಯಿಂದ:
ಬೇರು ಸರಿ, ಪದ ಈ ಬೋರ್ಡಿಗೆ ಆಗದು. ಹಲ್ಲಿಗೆ ಪಾಚಿ ಕಟ್ಟಿದೆ ಅಂತ ಊರೆಲ್ಲ ಹೇಳುತ್ತದೆ, ನಿಜ. ಡಚ್ ವಿಜ್ಞಾನಿ ಲೇವನ್‌ಹುಕ್ 1683ರಲ್ಲಿ ತನ್ನ ಹಲ್ಲಿನಿಂದ ಕೆರೆದು ಲೆನ್ಸಿನಲ್ಲಿ ನೋಡಿದ್ದೂ ಈ ಬಯೋಫಿಲ್ಮನ್ನೇ. ಆದರೆ ಕಡಲಲ್ಲಿ ಬ್ಯಾಕ್ಟೀರಿಯಾದ ಬೆನ್ನಿಗೇ ಡಯಾಟಮ್ ಬರುತ್ತವೆ, ಪಠ್ಯಪುಸ್ತಕದ ಪಾಚಿ ಅಂದರೆ ಅವು. ಆಗ ಬೋರ್ಡಿನಲ್ಲಿ ‘ಪಾಚಿಯ ಮೇಲೆ ಪಾಚಿ’ ಅಂತ ಬರೆಯುವುದಾ? ಪೊರೆಯೂ ಬೇಡ, ಪ್ರತಿ ಬ್ಯಾಕ್ಟೀರಿಯಾಕ್ಕೂ ಅದರದ್ದೇ ಕೋಶಪೊರೆ ಇದೆ. ತೊಳೆಯದೆ ಇಟ್ಟ ಬಾಲ್ದಿಯ ಒಳಬದಿಗೆ ಬೆರಳು ತಾಗಿಸಿ ನೋಡಿ. ಕಣ್ಣಿಗೆ ಏನೂ ಕಾಣುವುದಿಲ್ಲ, ಬೆರಳು ಮಾತ್ರ ಜಾರುತ್ತದೆ. ಲೋಳೆ ಕಟ್ಟಿದೆ ಅನ್ನುತ್ತೇವೆ ಅಲ್ವಾ? ಅದೇ ಪದ. ಅದೇ ವಸ್ತು ಕೂಡ. ಕಲ್ಲುಮ್ಮಕ್ಕಾಯಿಯ (ಬಂಡೆಗೆ ಅಂಟಿ ಬೆಳೆಯುವ ಕಪ್ಪೆಚಿಪ್ಪು) ಮರಿಗಳು ನೆಲೆ ನಿಲ್ಲಲು ಜಾಗ ಹುಡುಕುವಾಗ ಈ ಲೋಳೆಯ ಗುರುತು ಹಿಡಿಯುತ್ತವೆ, ಪಡನ್ನದಲ್ಲಿ ಅದನ್ನು ಬೆಳೆಸಲು ಹಗ್ಗ ಇಳಿಸುವವರಿಗೆ ಹೇಳಬೇಕಾದ ಮಾತು ಇದು. ಇನ್ನು ಅರಿಸಮಾಸ: ಮಳೆಗಾಲವೂ ಅರಿಸಮಾಸವೇ. ಹಿಂದಿನ ಕವಿಗಳು ಬಳಸಿದ್ದನ್ನು ವ್ಯಾಕರಣ ಬರೆದ ಕೇಶಿರಾಜನೇ ಒಪ್ಪಿದ್ದಾನೆ.

ಹೊಸದುರ್ಗದಿಂದ:
ಇಷ್ಟೆಲ್ಲ ಯಾಕೆ ಮಾರಾಯ್ರೆ? ಬಯೋಫಿಲ್ಮ್ ಅಂತಲೇ ಹಾಕಿ. ಬ್ಯಾಕ್ಟೀರಿಯಾ ಯಾವ ಕನ್ನಡ? ಕಲ್ಲುಮ್ಮಕ್ಕಾಯಿ ಮಲಯಾಳದ್ದಲ್ಲವಾ?

ನೀರ್ಚಾಲಿನಿಂದ:
ಕಲ್ಲುಮ್ಮಕ್ಕಾಯಿ ನೆರೆಮನೆಯವರ ಬಾಯಿಂದ ನಮ್ಮ ಬಾಯಿಗೆ ಬಂದದ್ದು, ಕೊಳ್ಳುವವನಿಗೂ ಗೊತ್ತು, ಮಾರುವವಳಿಗೂ ಗೊತ್ತು. ಬಯೋಫಿಲ್ಮ್ ಹಾಗೆ ಬಂದದ್ದಲ್ಲ. ಇಲ್ಲಿ ಕನ್ನಡದಲ್ಲಿ ಬೋರ್ಡು ಸಿಗುವುದೇ ಕಷ್ಟ, ಸಿಕ್ಕಿದ ಒಂದರಲ್ಲೂ ಇಂಗ್ಲಿಷನ್ನೇ ನಮ್ಮ ಲಿಪಿಯಲ್ಲಿ ಬರೆದಿಟ್ಟರೆ ಕನ್ನಡ ಶಾಲೆಯ ಮಗುವಿಗೆ ಏನು ಸಿಕ್ಕಿತು? ಲೋಳೆಗೆ ನನ್ನ ತಕರಾರಿಲ್ಲ. ಆದರೆ ‘ಲೋಳೆಪೊರೆ’ ಮಾಡಬೇಡಿ, ಅದು ಮೂಗು ಬಾಯಿಯ ಒಳಗಿನದ್ದು.

ಹೊಸದುರ್ಗದಿಂದ:
ಆ ಮಗು ಮುಂದೆ ಕಾಲೇಜಿಗೆ ಹೋದರೆ ಅಲ್ಲಿ ಲೋಳೆ ಸಿಗುವುದಿಲ್ಲ, ಬಯೋಫಿಲ್ಮೇ ಸಿಗುವುದು. ಅದನ್ನೂ ಯೋಚಿಸಿ.

ಮಂಜೇಶ್ವರದಿಂದ:
ಇಬ್ಬರದ್ದೂ ಹಾಕುತ್ತೇನೆ. ತಲೆಬರಹ ‘ಬ್ಯಾಕ್ಟೀರಿಯಾ ಕಟ್ಟುವ ಲೋಳೆ’, ಕೆಳಗೆ ಒಮ್ಮೆ ‘ಇದನ್ನು ವಿಜ್ಞಾನಿಗಳು ಬಯೋಫಿಲ್ಮ್ ಅನ್ನುತ್ತಾರೆ’. ಹಡಗಿನ ತಳಕ್ಕೆ ಬಳಿಯುತ್ತಿದ್ದ ತವರದ ವಿಷದ ಪೇಂಟಿಗೆ 2008ರಿಂದ ಅಂತರರಾಷ್ಟ್ರೀಯ ನಿಷೇಧ ಜಾರಿಯಲ್ಲಿದೆ, ಹಾಗಾಗಿ ವಿಷವಿಲ್ಲದೆ ಲೋಳೆ ತಡೆಯುವ ದಾರಿ ಬೇಕಾಗಿದೆ ಅಂತ ಮುಂದಿನ ಸಾಲು. ಇದು ಸುಲಭವಾಯಿತು. ಅದರ ಮುಂದಿನದ್ದಕ್ಕೆ ಮತ್ತೆ ನಿಮ್ಮ ಸಹಾಯ ಬೇಕು. ಬ್ಯಾಕ್ಟೀರಿಯಾ ಒಂದೊಂದೂ ರಾಸಾಯನಿಕ ಬಿಡುತ್ತವೆ, ಅದು ಸುತ್ತ ಜಾಸ್ತಿಯಾದಾಗ ನಾವು ಸಾಕಷ್ಟು ಮಂದಿ ಇದ್ದೇವೆ ಅಂತ ತಿಳಿದು ಎಲ್ಲ ಒಟ್ಟಿಗೆ ಕೆಲಸಕ್ಕಿಳಿಯುತ್ತವೆ. ಹವಾಯಿಯ ಪುಟ್ಟ ಬೊಂಡಾಸಿನ (ಸ್ಕ್ವಿಡ್) ಮೈಯಲ್ಲಿ ವಿಬ್ರಿಯೋ ಫಿಶೆರಿ ಅನ್ನುವ ಬ್ಯಾಕ್ಟೀರಿಯಾ ಬೆಳಕು ಹೊತ್ತಿಸುವುದು ಹೀಗೇ. ಇದಕ್ಕೆ ಕೋರಂ ಸೆನ್ಸಿಂಗ್ ಅನ್ನುತ್ತಾರೆ. ಕೋರಂ ಪಂಚಾಯತ್ ಸಭೆಯಿಂದ ಎಲ್ಲರಿಗೂ ಗೊತ್ತು, ಹಾಗೇ ಇಡುತ್ತೇನೆ. ಸೆನ್ಸಿಂಗಿಗೆ ಏನು ಹಾಕಲಿ? ರಾತ್ರಿ ಹತ್ತರೊಳಗೆ ಹೇಳಿ.